ಹನ್ನೆರಡು ಗುಂಟೆ ಬೀಳು, ಬಳ್ಳಾರಿ ಜಾಲಿ, ಭರಣಿ ಮಳೆ: ಕಾಡುಹೂಗಳಿಗಾಗಿ ಮಾಡಿದ ಕೆಲಸದ ದಾಖಲೆ

ಚಳ್ಳಕೆರೆ ಮತ್ತು ನಾಯಕನಹಟ್ಟಿ ನಡುವೆ ನಮ್ಮದೊಂದು ಶೇಂಗಾ ಹೊಲ ಇದೆ. ಹೊಲದ ಮೇಲ್ಬದಿಗೆ ಹನ್ನೆರಡು ಗುಂಟೆ ಕಲ್ಲು ಜಾಗ. ನೇಗಿಲು ಇಳಿಯದ ನೆಲ, ಹಾಗಾಗಿ ಅಲ್ಲಿ ಯಾರೂ ಬಿತ್ತಿಲ್ಲ. ಊರಲ್ಲಿ ಅದಕ್ಕೆ ಬೀಳು ಅಂತಲೇ ಹೆಸರು. ಅಪ್ಪನ ಕಾಲದಲ್ಲಿ ಅಲ್ಲಿ ಮೊಣಕಾಲೆತ್ತರ ಹುಲ್ಲು ಇರುತ್ತಿತ್ತು. ಹುಲ್ಲಿನ ನಡುವೆ ವಿಷ್ಣುಕ್ರಾಂತಿ, ತುಂಬೆ, ತಂಗಡಿ ಹೂ ಇರುತ್ತಿದ್ದವು. ಆಮೇಲೆ ಬಳ್ಳಾರಿ ಜಾಲಿ ಬಂತು. ಅದರ ಹಿಂದೆಯೇ ಕಾಂಗ್ರೆಸ್ ಗಿಡ (ಪಾರ್ಥೇನಿಯಂ ಕಳೆ) ಬಂತು. ಹುಲ್ಲು ಹಿಂದೆ ಸರಿಯಿತು.

ಆ ಜಾಗಕ್ಕೆ ಬೇವು, ಹೊಂಗೆ ಸಸಿ ಹಾಕಿ ಅಂತ ತುಂಬಾ ಜನ ಹೇಳಿದರು. ಸಸಿ ಪುಕ್ಕಟೆ ಕೊಡಿಸುತ್ತೇನೆ ಅಂದವರೂ ಇದ್ದರು. ನಾನು ಬೇಡ ಅಂದೆ. ನಮ್ಮ ಕಡೆ ವರ್ಷಕ್ಕೆ ಬೀಳುವ ಮಳೆ ಹೆಚ್ಚುಕಡಿಮೆ 500 ಮಿಮೀ. ಒಂದಡಿ ಮಣ್ಣು, ಅದರ ಕೆಳಗೆ ಗರಸು. ಇದು ಹುಲ್ಲಿನ ನೆಲ. ಮರ ಇಲ್ಲದ ಜಾಗ ಅಂದರೆ ಖಾಲಿ ಜಾಗ ಅಂತ ಲೆಕ್ಕ ಹಾಕುವುದು ನನಗೆ ಒಪ್ಪಿಗೆ ಇಲ್ಲ. ಮೈಸೂರು ಅರಸರ ಕಾಲದಿಂದ ಅಮೃತ ಮಹಲ್ ದನಗಳು ಮೇಯ್ದದ್ದು ಇಂಥ ಕಾವಲುಗಳಲ್ಲೇ, ಅಂದರೆ ಮೇವಿಗೆ ಬಿಟ್ಟ ಹುಲ್ಲುಗಾವಲುಗಳಲ್ಲೇ ಅಲ್ವಾ? ಆ ಕಾವಲುಗಳಲ್ಲಿ ಎಷ್ಟೋ ಭಾಗಕ್ಕೆ ಈಗ ಕಾಂಪೌಂಡ್ ಬಂದಿದೆ. ಉಳಿದಿರುವುದು ಇಂಥ ಚೂರುಪಾರು ಬೀಳುಗಳು. ಒಂದು ಚೂರಾದರೂ ಹೂ ಬಿಡುವ ಹುಲ್ಲುಗಾವಲಾಗಿ ವಾಪಸ್ ಬರಲಿ ಅಂತ ಈ ವರ್ಷ ಕೆಲಸಕ್ಕೆ ಇಳಿದೆ. ಜನವರಿಯಿಂದ ಮೇ ಕೊನೆಯವರೆಗೆ ಆದದ್ದನ್ನು ಇಲ್ಲಿ ಬರೆದಿದ್ದೇನೆ.

1. ಅಳತೆ: ಸಂಕ್ರಾಂತಿ ಕಳೆದ ಮೇಲೆ

ಜಾಗ 132 ಅಡಿ ಅಗಲ, 99 ಅಡಿ ಉದ್ದ. ಗುಂಟೆ ಅಂದರೆ 33 ಅಡಿಗೆ 33 ಅಡಿ, ಹಾಗಾಗಿ ಸರಿಯಾಗಿ ಹನ್ನೆರಡು ಗುಂಟೆ. ಇಳಿಜಾರು ಉದ್ದಕ್ಕೆ ಇದೆ. ಟೇಪು ಹಿಡಿದು, ಗೂಟ ಹೊಡೆದು, ಸುಣ್ಣದ ಗೆರೆ ಎಳೆದು ನಾಲ್ಕು ಪಟ್ಟಿ ಮಾಡಿದೆ. ಒಂದೊಂದು 33 ಅಡಿ ಅಗಲ.

ಒಂದನೇ ಪಟ್ಟಿಯಲ್ಲಿ ಜಾಲಿ ದಟ್ಟ, ಒಳಗೆ ಕಾಲಿಡಲು ಆಗುತ್ತಿರಲಿಲ್ಲ. ಎರಡನೆಯದರಲ್ಲಿ ಜಾಲಿ ಅಲ್ಲಲ್ಲಿ. ಮೂರನೆಯದರಲ್ಲಿ ಜಾಲಿ ಕಮ್ಮಿ, ಕಾಂಗ್ರೆಸ್ ಜಾಸ್ತಿ. ನಾಲ್ಕನೆಯದು ಬರೀ ಕಲ್ಲು. ಕಲ್ಲಿನ ಸಂದಿಯಲ್ಲಿ ಹಳೇ ಹುಲ್ಲಿನ ಬುಡಗಳು, ಮೂರ್ನಾಲ್ಕು ತಂಗಡಿ ಪೊದೆ, ಬದಿಗೆ ಎರಡು ಎಕ್ಕದ ಗಿಡ.

ಹೀಗೆ ಪಟ್ಟಿ ಮಾಡಿದ್ದು ಕೆಲಸ ಹಂಚಿಕೊಳ್ಳಲು ಅನುಕೂಲ ಅಂತ. ಆದರೆ ಇದೇ ಮುಂದೆ ಅತಿ ಹೆಚ್ಚು ಉಪಯೋಗಕ್ಕೆ ಬಂತು. ಯಾವ ಪಟ್ಟಿಗೆ ಏನು ಮಾಡಿದೆವು, ಅಲ್ಲಿ ಏನು ಬಂತು ಅಂತ ಪಕ್ಕಪಕ್ಕದಲ್ಲೇ ನೋಡಲು ಸಿಕ್ಕಿತು. ಇಂಥ ಕೆಲಸ ಶುರು ಮಾಡುವವರು ಪಟ್ಟಿ ಮಾಡದೆ ಶುರು ಮಾಡಬೇಡಿ.

2. ಜಾಲಿ ತೆಗೆದದ್ದು: ಫೆಬ್ರವರಿ

ಬಳ್ಳಾರಿ ಜಾಲಿ ಮೂಲತಃ ನಮ್ಮ ದೇಶದ್ದಲ್ಲ. ಮೆಕ್ಸಿಕೊ, ದಕ್ಷಿಣ ಅಮೆರಿಕದ ಕಡೆಯದು. ಮೇಕೆಗಳು ಅದರ ಕಾಯಿ ತಿನ್ನುತ್ತವೆ, ಹಿಕ್ಕೆಯ ಜೊತೆ ಬೀಜ ಊರೆಲ್ಲ ಹರಡುತ್ತದೆ. ಕಡಿದರೆ ಸಾಯುವುದಿಲ್ಲ. ಒಂದು ಕಾಂಡ ಇದ್ದ ಕಡೆ ನಾಲ್ಕು ಚಿಗುರುತ್ತದೆ.

ಒಂದನೇ ಪಟ್ಟಿಗೆ ಜೆಸಿಬಿ ತರಿಸಿದೆವು. ಗಂಟೆಗೆ 1,300 ರೂಪಾಯಿ, ಎರಡು ಗಂಟೆಯಲ್ಲಿ ಪಟ್ಟಿ ಪೂರ್ತಿ ಬಯಲಾಯಿತು. ಬೇರುಗಳ ಜೊತೆ ಒಂದಡಿ ಮಣ್ಣೂ ಮಗುಚಿತು. ಆ ಮಣ್ಣಿನಲ್ಲಿ ಕಾಡೀರುಳ್ಳಿ ಗೆಡ್ಡೆಗಳು ಸಿಕ್ಕಿದವು. ಅರ್ಧದಷ್ಟು ಬಕೆಟ್ಟಿನ ಹಲ್ಲಿಗೆ ಸಿಕ್ಕಿ ಸೀಳಿದ್ದವು. ಚೆನ್ನಾಗಿದ್ದವನ್ನು ಆರಿಸಿ ಪಕ್ಕಕ್ಕೆ ಇಟ್ಟೆ.

ಅಷ್ಟರಲ್ಲಿ ಕಿಲಾರಿ ತಾತ ಬಂದರು. ನಮ್ಮ ಕಡೆ ದನ ಸಾಕುವ ಮ್ಯಾಸಬೇಡರ ಹಟ್ಟಿಗಳಲ್ಲಿ ದೇವರ ಎತ್ತುಗಳಿವೆ. ಅವನ್ನು ಕಾಯುವವರೇ ಕಿಲಾರಿಗಳು. ಹುಲ್ಲು ಎಲ್ಲಿದೆ, ಎಲ್ಲಿ ಹೋಯಿತು ಅನ್ನುವುದು ಅವರಷ್ಟು ಯಾರಿಗೂ ಗೊತ್ತಿಲ್ಲ. ತಾತ ಮಗುಚಿದ ಮಣ್ಣು ನೋಡಿ ನಿಂತರು.

"ಇಲ್ಲಿ ಬೇರು ಸತ್ತಿರಲಿಲ್ಲ ಕಣಪ್ಪ. ಮೇಲೆ ಮುಳ್ಳು ಕೂತಿತ್ತು ಅಷ್ಟೆ. ಈಗ ಬೇರೂ ಹೋತು."

"ಮತ್ತೆ ಆ ಕಡೆದು ಹೆಂಗೆ ತೆಗೀಲಿ ತಾತ?"

"ಹಾರೆ ಹಿಡಿ. ಒಂದೊಂದೇ ಎಬ್ಬು. ನೆಲ ಅಲ್ಲಾಡಿಸಬೇಡ."

ಎರಡು ಮತ್ತು ಮೂರನೇ ಪಟ್ಟಿಗೆ ಹಾಗೇ ಮಾಡಿದೆವು. ವಿಧಾನ ಹೀಗೆ:

ಮೊದಲು ಮಚ್ಚಿನಿಂದ ಕೊಂಬೆಗಳನ್ನು ಸವರಬೇಕು. ಆದರೆ ಬುಡವನ್ನು ನೆಲಕ್ಕೆ ಸಮನಾಗಿ ಕಡಿಯಬಾರದು. ಎರಡಡಿ ಮೋಟು ಬಿಡಬೇಕು, ಆಮೇಲೆ ಅಲ್ಲಾಡಿಸಿ ಎಳೆಯಲು ಅದೇ ಹಿಡಿ. ಬುಡದ ಸುತ್ತ ಒಂದಡಿ ಅಗಲ, ಒಂದಡಿ ಆಳ ಪಿಕಾಸಿಯಿಂದ ಬಿಡಿಸಬೇಕು. ಪಕ್ಕದ ಬೇರುಗಳನ್ನು ಕೊಡಲಿಯಲ್ಲಿ ಕಡಿದು, ಹಾರೆ ಕೊಟ್ಟು ಮೀಟಿ, ನಡುಬೇರನ್ನು ನೆಲದಿಂದ ಒಂದಡಿ ಕೆಳಗೆ ಕಡಿಯಬೇಕು. ಜಾಲಿ ಚಿಗುರುವುದು ಬುಡದ ಗಂಟಿನಿಂದ. ಆ ಗಂಟು ಪೂರ್ತಿ ಹೊರಗೆ ಬಂದರೆ ಕೆಲಸ ಮುಗಿದಂತೆ. ಆಮೇಲೆ ಅದೇ ಮಣ್ಣನ್ನು ಗುಂಡಿಗೆ ತುಂಬಿ ಕಾಲಲ್ಲಿ ತುಳಿಯಬೇಕು.

ಎರಡನೇ ಪಟ್ಟಿಯ ಮೂಲೆಯಲ್ಲಿ ಬಂಡೆ ಅಡ್ಡ ಬಂದು ಕೆಲವು ಬುಡಗಳನ್ನು ನೆಲಮಟ್ಟಕ್ಕೇ ಕಡಿದು ಬಿಟ್ಟೆವು. ಒಂದು ತಿಂಗಳೊಳಗೆ ಅವೆಲ್ಲ ಚಿಗುರಿದವು. ಒಂದಡಿ ಕೆಳಗೆ ಕಡಿದವುಗಳಲ್ಲಿ ಈವರೆಗೆ ಒಂದೂ ಚಿಗುರಿಲ್ಲ.

ಗಂಡಾಳಿಗೆ ದಿನಕ್ಕೆ 600 ರೂಪಾಯಿ. ಎಂಟು ಆಳಿನ ಲೆಕ್ಕ ಬಂತು. ಜೆಸಿಬಿಗಿಂತ ದುಬಾರಿಯೇ. ಆದರೆ ನೆಲ ಹಾಗೇ ಉಳಿಯಿತು. ಇನ್ನೊಂದು ಮಾತು: ಜಾಲಿ ಮುಳ್ಳು ಸಾದಾ ಚಪ್ಪಲಿ ತೂರಿ ಬರುತ್ತದೆ. ಹಳೇ ಟೈರಿನ ಅಟ್ಟೆ ಹಾಕಿದ ಚಪ್ಪಲಿಯೇ ಬೇಕು. ಕೈಗೆ ಚರ್ಮದ ಗ್ಲೌಸ್ ಇಲ್ಲದೆ ಯಾರನ್ನೂ ಕೆಲಸಕ್ಕೆ ಇಳಿಸಬೇಡಿ.

ಬೊಡ್ಡೆಗಳು ಇಟ್ಟಿಗೆ ಗೂಡಿಗೆ 3,500 ರೂಪಾಯಿಗೆ ಹೋದವು. ಮುಳ್ಳುಕೊಂಬೆಗಳನ್ನು ಒಣಕಾಯಿ ಇದ್ದರೆ ಬಿಡಿಸಿ, ಸುತ್ತ ಬೇಲಿಗೆ ಒಟ್ಟಿದೆವು. ಬೇಲಿಗೆ ಬೇರೆ ಖರ್ಚು ಇಲ್ಲ.

3. ಕಲ್ಲಿನ ಸಾಲು: ನಾಯಕನಹಟ್ಟಿ ಜಾತ್ರೆ ಮುಗಿದ ಮೇಲೆ

ತೇರಿನ ಹೊತ್ತಿಗೆ ಆಳು ಸಿಗುವುದಿಲ್ಲ. ತೇರು ಮುಗಿಯಲಿ ಅಂತ ಕಾದು ಈ ಕೆಲಸ ಶುರು ಮಾಡಿದೆವು.

ಇಳಿಜಾರಿನಲ್ಲಿ ಮೊದಲ ಮಳೆ ನಿಲ್ಲದೆ ಓಡಿಹೋಗುತ್ತದೆ. ಅದನ್ನು ತಡೆಯಬೇಕು. ಟ್ರೆಂಚ್ ಹೊಡೆಯುವುದು ಈಗ ಎಲ್ಲ ಕಡೆ ರೂಢಿ. ಆದರೆ ಟ್ರೆಂಚ್ ಅಂದರೆ ಮತ್ತೆ ನೆಲ ಅಗೆಯಬೇಕು. ಜೆಸಿಬಿ ಪಟ್ಟಿ ನೋಡಿದ ಮೇಲೆ ಅದಕ್ಕೆ ಮನಸ್ಸು ಬರಲಿಲ್ಲ. ನಾಲ್ಕನೇ ಪಟ್ಟಿಯ ಮೇಲುಗಡೆ ಉಂಡೆಗಲ್ಲು ಬೇಕಾದಷ್ಟು ಬಿದ್ದಿತ್ತು. ಅವನ್ನೇ ಅಡ್ಡಕ್ಕೆ ಸಾಲಾಗಿ ಇಟ್ಟರೆ ಸಾಕು ಅನ್ನಿಸಿತು.

ಸಾಲು ಸಮಮಟ್ಟದಲ್ಲೇ ಹೋಗಬೇಕು. ಅದಕ್ಕೆ ಬಿದಿರಿನ ಎ-ಫ್ರೇಮ್ (ಮಟ್ಟ ನೋಡುವ, ಇಂಗ್ಲಿಷ್ A ಆಕಾರದ ಚೌಕಟ್ಟು) ಮಾಡಿದೆ. ಆರೂವರೆ ಅಡಿಯ ಎರಡು ಕಾಲು, ನಾಲ್ಕಡಿಯ ಒಂದು ಅಡ್ಡಪಟ್ಟಿ. ಮೇಲಿನ ಗಂಟಿನಿಂದ ದಾರ ಇಳಿಬಿಟ್ಟು, ತುದಿಗೆ ಕಲ್ಲು ಕಟ್ಟಿದೆ. ಗುರುತು ಹಾಕುವುದು ಹೀಗೆ: ಫ್ರೇಮ್ ನಿಲ್ಲಿಸಿ, ದಾರ ಅಡ್ಡಪಟ್ಟಿಗೆ ತಾಗುವ ಕಡೆ ಒಂದು ಗೆರೆ ಹಾಕಿ. ಅದೇ ಎರಡು ಜಾಗದಲ್ಲಿ ಕಾಲುಗಳನ್ನು ಅದಲುಬದಲು ಮಾಡಿ ಇನ್ನೊಂದು ಗೆರೆ ಹಾಕಿ. ಎರಡರ ನಡುಮಧ್ಯವೇ ಸಮಮಟ್ಟದ ಗುರುತು. ಆಮೇಲೆ ಒಂದು ಕಾಲು ಊರಿ, ಇನ್ನೊಂದು ಕಾಲನ್ನು ದಾರ ನಡುಗೆರೆಗೆ ಬರುವ ಕಡೆ ಇಡುತ್ತಾ ಮುಂದೆ ಹೋಗಬೇಕು. ಕಾಲಿಟ್ಟ ಕಡೆಯೆಲ್ಲ ಗೂಟ. ಗಾಳಿ ಇದ್ದರೆ ದಾರ ನಿಲ್ಲುವುದಿಲ್ಲ. ನಮ್ಮ ಕಡೆ ಗುಡ್ಡದ ಮೇಲೆಲ್ಲ ಗಾಳಿಯಂತ್ರ ನೆಟ್ಟಿರುವುದು ಸುಮ್ನೆ ಅಲ್ಲ. ಬೆಳಗ್ಗೆ ಎಂಟರೊಳಗೆ ಈ ಕೆಲಸ ಮುಗಿಸಿಕೊಳ್ಳಬೇಕು.

25 ಅಡಿಗೆ ಒಂದರಂತೆ ಮೂರು ಸಾಲು. ಎತ್ತರ ಮುಕ್ಕಾಲು ಅಡಿ, ಅಡಿಪಾಯ ತೆಗೆದಿಲ್ಲ. ದೊಡ್ಡ ಕಲ್ಲು ಕೆಳಬದಿಗೆ, ಸಣ್ಣದು ಮೇಲ್ಬದಿಗೆ. ನೀರು ಪೂರ್ತಿ ನಿಲ್ಲಬಾರದು, ನಿಧಾನವಾಗಿ ಸೋಸಿಕೊಂಡು ಹೋಗಬೇಕು. ಕಲ್ಲು ಹೊತ್ತು ಇಟ್ಟದ್ದು ನಾಲ್ಕು ಹೆಣ್ಣಾಳು, 400 ರೂಪಾಯಿಯಂತೆ. ಕಲ್ಲು ಎತ್ತುವಾಗ ಮೊದಲು ಹಾರೆಯಿಂದ ಉರುಳಿಸಿ ನೋಡಬೇಕು, ಕೆಳಗೆ ಚೇಳು ಇರುತ್ತದೆ. ಹುಲ್ಲಿನ ಬುಡ ಹಿಡಿದಿರುವ ಕಲ್ಲನ್ನು ಮುಟ್ಟಲಿಲ್ಲ.

4. ಬೀಜ: ಸೋತದ್ದೇ ಇಲ್ಲಿ ಜಾಸ್ತಿ

ಬೀಜ ಸಂಗ್ರಹ ಹಿಂದಿನ ನವೆಂಬರಿನಲ್ಲೇ ಶುರುವಾಗಿತ್ತು. ಎಲ್ಲವೂ ನಮ್ಮ ಹೊಲದ ಬದು ಮತ್ತು ರಸ್ತೆ ಬದಿಯವು. ಜೋಗಿಮಟ್ಟಿಯಂಥ ಕಾಡಿನಿಂದ ಒಂದು ಬೀಜವನ್ನೂ ತರಬಾರದು. ಅದಕ್ಕೆ ಕಾನೂನೂ ಬಿಡುವುದಿಲ್ಲ. ತಂಗಡಿ, ತುಂಬೆ, ಅಣ್ಣೆ, ಕೊಗ್ಗೆ, ಗಿಲಿಗಿಚ್ಚೆ, ತಗಚೆ. ಒಣಗಿಸಿ, ಮೊರದಲ್ಲಿ ಕೇರಿ, ಕಾಗದದ ಪೊಟ್ಟಣ ಕಟ್ಟಿ, ಮೇಲೆ ಜಾಗ ಮತ್ತು ತಿಂಗಳು ಬರೆದಿಟ್ಟೆ. ಪ್ಲಾಸ್ಟಿಕ್ ಕವರಿನಲ್ಲಿ ಇಟ್ಟ ತುಂಬೆ ಬೀಜ ಬೂಷ್ಟು ಹಿಡಿಯಿತು, ಅದನ್ನು ಬಿಸಾಡಬೇಕಾಯಿತು.

ತಂಗಡಿ ಬೀಜದ ಸಿಪ್ಪೆ ಬಲು ಗಟ್ಟಿ. ಒದ್ದೆ ಬಟ್ಟೆಯಲ್ಲಿ ಇಪ್ಪತ್ತಿಪ್ಪತ್ತು ಬೀಜ ಸುತ್ತಿ ಪರೀಕ್ಷೆ ಮಾಡಿದೆ. ಏನೂ ಮಾಡದ ಬೀಜಗಳಲ್ಲಿ ಮೊಳೆತದ್ದು ಒಂದೋ ಎರಡೋ. ಕುದಿಯುವ ನೀರನ್ನು ಒಲೆಯಿಂದ ಇಳಿಸಿ, ಅದರಲ್ಲಿ ಹಾಕಿ ರಾತ್ರಿಯಿಡೀ ಬಿಟ್ಟವುಗಳಲ್ಲಿ ಅರ್ಧದಷ್ಟು ಮೊಳೆತವು. ಎಲ್ಲಕ್ಕಿಂತ ಚೆನ್ನಾಗಿ ಬಂದದ್ದು ಸ್ಯಾಂಡ್‌ಪೇಪರಿನಲ್ಲಿ ಉಜ್ಜಿದ್ದು, ಮುಕ್ಕಾಲು ಪಾಲು ಮೊಳೆಯಿತು. ಎರಡು ಸ್ಯಾಂಡ್‌ಪೇಪರ್ ನಡುವೆ ಬೀಜ ಹಾಕಿ, ಹೊಳಪು ಹೋಗುವವರೆಗೆ ಉಜ್ಜಬೇಕು. ಒಳಗಿನ ಬಿಳಿ ಕಾಣುವಷ್ಟು ಉಜ್ಜಿದರೆ ಬೀಜ ಕೊಳೆಯುತ್ತದೆ.

ಎರಡು ಮತ್ತು ಮೂರನೇ ಪಟ್ಟಿಗೆ ಬಿತ್ತನೆ. ನಾಲ್ಕನೆಯದಕ್ಕೆ ಏನೂ ಹಾಕಲಿಲ್ಲ.

ಮೊದಲು ಅಶ್ವಿನಿ ಮಳೆಗೆ ಮುಂಚೆ, ಏಪ್ರಿಲ್ ಎರಡನೇ ವಾರ, ಒಣ ಮಣ್ಣಿಗೇ ಎರಚಿದ್ದೆ. ಒಂದು ಪಾಲು ಬೀಜಕ್ಕೆ ಹತ್ತು ಪಾಲು ಮರಳು. ಮಾರನೇ ದಿನ ನೋಡಿದರೆ ಇರುವೆಗಳ ಸಾಲು. ತುಂಬೆ, ಅಣ್ಣೆಯ ಸಣ್ಣ ಬೀಜಗಳನ್ನೆಲ್ಲ ಗೂಡಿಗೆ ಸಾಗಿಸುತ್ತಿದ್ದವು. ಅಶ್ವಿನಿ ಬೇರೆ ಸರಿಯಾಗಿ ಬರಲಿಲ್ಲ. ಬಿದ್ದದ್ದು 6 ಮಿಮೀ. ಆ ಸುತ್ತಿನ ಬಿತ್ತನೆ ಪೂರ್ತಿ ಹೋಯಿತು.

ಎರಡನೇ ಪ್ರಯತ್ನ ಬೀಜದುಂಡೆ. ಕೆಮ್ಮಣ್ಣು ಮೂರು ಪಾಲು, ಜರಡಿ ಹಿಡಿದ ಒಣ ಸಗಣಿ ಒಂದು ಪಾಲು, ಬೀಜ, ನೀರು. ಗೋಲಿ ಗಾತ್ರದ ಉಂಡೆ ಕಟ್ಟಿ ನೆರಳಲ್ಲಿ ಒಣಗಿಸಿದೆ. ಇರುವೆ ಕಾಟ ತಪ್ಪಿತು. ಆದರೆ ನಮ್ಮ ಬಿಸಿಲಿಗೆ ಉಂಡೆ ಕಲ್ಲಾಗುತ್ತದೆ. ಮಳೆ ಬಂದಾಗ ಉಂಡೆಯ ಮೇಲೇ ಮೊಳಕೆ ಬಂತು, ಬೇರು ನೆಲ ಮುಟ್ಟುವ ಮೊದಲೇ ಉಂಡೆ ಮತ್ತೆ ಒಣಗಿ ಮೊಳಕೆ ಸುಟ್ಟಿತು. ಹುಲ್ಲಿನ ಬುಡದ ನೆರಳಲ್ಲಿ ಬಿದ್ದ ಉಂಡೆಗಳಲ್ಲಿ ಮಾತ್ರ ಗಿಡ ಉಳಿದಿವೆ. ಬೋಳು ಕಲ್ಲುನೆಲಕ್ಕೆ ಬೀಜದುಂಡೆ ಎಸೆದು ಬರುವುದರಲ್ಲಿ ಅರ್ಥ ಇಲ್ಲ ಅಂತ ನನ್ನ ಅಭಿಪ್ರಾಯ.

ಮೂರನೆಯದು ಕೆಲಸ ಮಾಡಿತು. ಭರಣಿಯ ಮೊದಲ ಹದ ಮಳೆ ಬಿದ್ದ ಮಾರನೇ ಬೆಳಗ್ಗೆ ಮರಳು ಬೆರೆಸಿದ ಬೀಜ ಎರಚಿ, ಮೇಲೆ ಜಾಲಿ ಮುಳ್ಳುಕೊಂಬೆಗಳ ಕಟ್ಟು ಎಳೆದೆವು. ಐದಾರು ಕೊಂಬೆ ಸೇರಿಸಿ ಹಗ್ಗ ಕಟ್ಟಿ, ಮೇಲೊಂದು ಕಲ್ಲು ಹೇರಿ ಎಳೆದರೆ ಮೇಲ್ಮಣ್ಣು ಕಾಲು ಇಂಚು ಗೀರುತ್ತದೆ. ಬೀಜ ಮುಚ್ಚಲು ಅಷ್ಟು ಸಾಕು. ಹುಲ್ಲಿನ ಬೇರಿಗೆ ಏಟಾಗುವುದಿಲ್ಲ. ಕುಂಟೆ ಹೊಡೆದಿದ್ದರೆ ಆಗುತ್ತಿತ್ತು.

5. ಮೇಕೆ, ಎತ್ತು, ಬೇಲಿ

ಬೇಲಿ ಹಾಕಿದ್ದಕ್ಕೆ ಊರಲ್ಲಿ ಸ್ವಲ್ಪ ಬೇಸರ ಆಯಿತು. ಅದು ನ್ಯಾಯವೇ. ಬೇಸಿಗೆಯಲ್ಲಿ ಎಲ್ಲರ ಕುರಿ, ಮೇಕೆ ಅಲ್ಲೇ ಆಡುತ್ತಿದ್ದವು. ಕಿಲಾರಿ ತಾತನನ್ನು ಮುಂದಿಟ್ಟುಕೊಂಡು ಮಾತಾಡಿದೆವು. ಅಶ್ವಿನಿಯಿಂದ ಸ್ವಾತಿ ಮಳೆವರೆಗೆ, ಅಂದರೆ ಏಪ್ರಿಲ್ ಮಧ್ಯದಿಂದ ನವೆಂಬರ್ ಮೊದಲ ವಾರದವರೆಗೆ, ಯಾವ ಪ್ರಾಣಿಯೂ ಒಳಗೆ ಬರುವಂತಿಲ್ಲ. ಆಮೇಲೆ ಎತ್ತು, ದನ ಮೇಯಲಿ. ಮೇಕೆ ಮಾತ್ರ ಜಾಲಿ ಕಾಯಿ ತಿನ್ನುವ ಕಾಲದಲ್ಲಿ ಬೇಡ.

ಪೂರ್ತಿ ಬಂದ್ ಮಾಡಬೇಕು ಅಂತ ನಾನು ಅಂದುಕೊಂಡಿದ್ದೆ. ತಾತ ಬೇಡ ಅಂದರು. "ಮೇಯದಿದ್ರೆ ಹುಲ್ಲು ಬುಡದಾಗೆ ಒಣಗಿ ಚಾಪೆ ಆಗ್ತೈತೆ. ಸಣ್ಣ ಹೂವಿಗೆ ಬಿಸಿಲು ಎಲ್ಲಿ ಸಿಗಬೇಕು?" ಮಾತು ನಿಜ. ವಿಷ್ಣುಕ್ರಾಂತಿ ನೆಲಕ್ಕೆ ಹರಡುವ ಗಿಡ. ಮೇಲೆ ಒಣಹುಲ್ಲು ಒಟ್ಟಿದರೆ ಅದು ಏಳುವುದಿಲ್ಲ. ಹೂ ಬಿಟ್ಟು, ಬೀಜ ಉದುರಿದ ಮೇಲೆ ಮೇಯುವುದರಿಂದ ಈ ನೆಲಕ್ಕೆ ಒಳ್ಳೆಯದೇ ಆಗುತ್ತದೆ.

6. ಮಳೆ ಮತ್ತು ಹೂ: ಏಪ್ರಿಲ್ ಕೊನೆಯಿಂದ ಮೇ ಕೊನೆವರೆಗೆ

ಮಳೆ ಅಳೆಯಲು ಎರಡು ಲೀಟರ್ ಬಾಟಲಿ. ಕುತ್ತಿಗೆ ಕತ್ತರಿಸಿ ತಲೆಕೆಳಗಾಗಿ ಅದರಲ್ಲೇ ಕೂರಿಸಿದರೆ ಆಲಿಕೆ ಆಗುತ್ತದೆ. ತಳ ಉಬ್ಬುತಗ್ಗು ಇರುವುದರಿಂದ, ಅದು ಮುಚ್ಚುವಷ್ಟು ನೀರು ಹಾಕಿ ಅಲ್ಲಿಗೆ ಸೊನ್ನೆ ಗೆರೆ ಹಾಕಬೇಕು. ಮೇಲೆ ಸ್ಕೇಲ್ ಅಂಟಿಸಿದರೆ ಆಯಿತು.

ಭರಣಿ ಮಳೆ ಬಂದರೆ ಧರಣಿಯೆಲ್ಲ ಬೆಳೆ ಅನ್ನುತ್ತಾರೆ. ಈ ವರ್ಷ ಭರಣಿ ಕೈಬಿಡಲಿಲ್ಲ. ಮೇ 2ಕ್ಕೆ 22 ಮಿಮೀ, 7ಕ್ಕೆ 14 ಮಿಮೀ.

ಮಳೆಗೂ ಮೊದಲೇ ಹೂ ಬಿಟ್ಟದ್ದು ಕಾಡೀರುಳ್ಳಿ. ನಾಲ್ಕನೇ ಪಟ್ಟಿಯ ಬರೀ ಕಲ್ಲಿನ ನಡುವೆ, ಏಪ್ರಿಲ್ ಕೊನೇ ವಾರದ ಉರಿಬಿಸಿಲಲ್ಲಿ, ಎಲೆಯೇ ಇಲ್ಲದೆ ಒಂದೂವರೆ ಅಡಿಯ ದಂಟು ಎದ್ದಿತು. ದಂಟಿನ ತುಂಬ ಮಂಕು ಕಂದು ಬಣ್ಣದ ಸಣ್ಣ ಹೂಗಳು. ಹಗಲು ನೋಡಿದವರು ಒಣಕಡ್ಡಿ ಅಂದುಕೊಂಡು ಹೋಗುತ್ತಾರೆ. ಸಂಜೆ ಹೊತ್ತಿಗೆ ಅರಳುತ್ತವೆ, ಬೆಳಗಾದರೆ ಮುದುಡಿರುತ್ತವೆ. ಎಲೆ ಬರುವುದು ಮಳೆ ಹಿಡಿದ ಮೇಲೆ. ಗೆಡ್ಡೆ ವಿಷ, ಹಾಗಾಗಿ ಯಾವ ಪ್ರಾಣಿಯೂ ಮುಟ್ಟುವುದಿಲ್ಲ. ಮಕ್ಕಳಿಗೆ ಇದನ್ನು ಮೊದಲೇ ಹೇಳಿಡಬೇಕು. ಜೆಸಿಬಿ ಪಟ್ಟಿಯಿಂದ ಆರಿಸಿದ್ದ ಗೆಡ್ಡೆಗಳನ್ನು ಮೂರನೇ ಪಟ್ಟಿಯಲ್ಲಿ ನಾಲ್ಕಿಂಚು ಆಳಕ್ಕೆ ಊರಿದ್ದೆ. ಅವುಗಳಲ್ಲಿ ಈ ವರ್ಷ ಹೂ ಬರಲಿಲ್ಲ. ಮಳೆ ಆದ ಮೇಲೆ ಕೆಲವಕ್ಕೆ ಎಲೆಯ ತುದಿ ಕಾಣಿಸಿದೆ.

ತಂಗಡಿ ಏಪ್ರಿಲ್‌ನಿಂದಲೇ ಹಳದಿ. ಅದರ ಹೂವಿನಲ್ಲಿ ಜೇನು ಇಲ್ಲ, ಪರಾಗ ಮಾತ್ರ. ಅದೂ ತುದಿಯಲ್ಲಿ ಸಣ್ಣ ತೂತು ಇರುವ ಕೊಳವೆಯಂಥ ಕೇಸರದ ಒಳಗೆ. ಕರಿ ದುಂಬಿ ಬಂದು ಹೂ ಹಿಡಿದು ಝುಂಯ್ ಅಂತ ಮೈ ನಡುಗಿಸುತ್ತದೆ, ಆಗ ಪರಾಗ ಉದುರುತ್ತದೆ. ಹತ್ತಿರ ಕೂತರೆ ಆ ಸದ್ದು ಹಾರುವಾಗಿನ ಸದ್ದಿಗಿಂತ ಬೇರೆ ಅಂತ ಗೊತ್ತಾಗುತ್ತದೆ. ಎಲೆಯ ಮೇಲೆ ಹಳದಿ ಚಿಟ್ಟೆಗಳ ಹಸಿರು ಹುಳು ಇದ್ದವು. ಔಷಧಿ ಹೊಡೆಯಬಾರದು, ಆ ಹುಳುವೇ ಆಮೇಲೆ ಚಿಟ್ಟೆ.

ಭರಣಿಯ ಎರಡನೇ ಮಳೆ ಆಗಿ ವಾರ ಕಳೆಯುವುದರೊಳಗೆ ವಿಷ್ಣುಕ್ರಾಂತಿ ಬಂತು. ನಾನು ಅದರ ಬೀಜ ಎಲ್ಲೂ ಹಾಕಿರಲಿಲ್ಲ. ಎರಡು, ಮೂರು, ನಾಲ್ಕನೇ ಪಟ್ಟಿಯಲ್ಲಿ ಹಳೇ ಬೇರಿನಿಂದಲೇ ಚಿಗುರಿ ಹೂ ಬಿಟ್ಟಿತು. ಜಾಲಿ ನೆರಳಲ್ಲಿ ಎಷ್ಟು ವರ್ಷ ಆ ಬೇರು ಹಾಗೇ ಇತ್ತೋ! ಕಾಲುಂಗುರದಷ್ಟು ಅಗಲದ ನೀಲಿ ಹೂ. ಬೆಳಗ್ಗೆ ಅರಳಿ ಮಧ್ಯಾಹ್ನಕ್ಕೆ ಮುಚ್ಚಿಕೊಳ್ಳುತ್ತದೆ. ನೋಡಬೇಕು ಅಂದರೆ ಹತ್ತು ಗಂಟೆಯೊಳಗೆ ಹೋಗಬೇಕು. ಅದರ ಜೊತೆಗೇ ಎಲೆಯ ಮೇಲೆ ನೇರಳೆ ಚುಕ್ಕೆ ಇರುವ ಒಂದು ಪುಟ್ಟ ಗೆಡ್ಡೆ ಗಿಡ ಕಲ್ಲಿನ ಸಾಲಿನ ಮೇಲ್ಬದಿಗೆ ಗುಂಪಾಗಿ ಎದ್ದಿತು. ತೇವ ನಿಂತದ್ದು ಅಲ್ಲೇ.

ನೆಗ್ಗಿಲು ಎಲ್ಲ ಕಡೆ ಬಂತು. ಹಳದಿ ಹೂ ಚೆಂದವೇ, ಕಾಯಿ ಮಾತ್ರ ಕಾಲಿಗೆ ಮುಳ್ಳು.

ತುಂಬೆ, ಅಣ್ಣೆ, ಕೊಗ್ಗೆ ಈಗ ಎರಡು ಮೂರು ಎಲೆಯ ಸಸಿ. ಅವು ಮಳೆಗಾಲದ ಹೂಗಳು, ಈಗಲೇ ಹೂ ಕೇಳುವುದು ಸರಿಯಲ್ಲ.

ಮೇ ಮೂರನೇ ವಾರ ಪಟ್ಟಿಗಳನ್ನು ಹೋಲಿಸಿ ನೋಡಿದೆವು. ಅರ್ಧ ಇಂಚಿನ ಪಿವಿಸಿ ಪೈಪಿನಲ್ಲಿ ಒಂದು ಮೀಟರಿಗೆ ಒಂದು ಮೀಟರ್ ಚೌಕ ಮಾಡಿದೆ. ನನ್ನ ತಂಗಿ ಅದನ್ನು ನೋಡದೆ ಹಿಂದಕ್ಕೆ ಎಸೆಯುತ್ತಿದ್ದಳು. ಬಿದ್ದ ಕಡೆ ಚೌಕದೊಳಗೆ ಇರುವುದನ್ನೆಲ್ಲ ಎಣಿಸಿ ಫೋಟೊ ತೆಗೆದೆವು. ಪಟ್ಟಿಗೆ ಐದು ಸಲ.

ನಾಲ್ಕನೇ ಪಟ್ಟಿಯಲ್ಲಿ ಚೌಕಕ್ಕೆ ನಾಲ್ಕರಿಂದ ಆರು ಬಗೆಯ ಗಿಡ, ಹುಲ್ಲು ಬಿಟ್ಟು. ಎರಡು ಮತ್ತು ಮೂರರಲ್ಲಿ ಮೂರರಿಂದ ಐದು. ಒಂದನೆಯದರಲ್ಲಿ ಎರಡೇ, ನೆಗ್ಗಿಲು ಮತ್ತು ಕಾಂಗ್ರೆಸ್. ಒಂದು ಚೌಕದಲ್ಲಂತೂ ಬರೀ ಕಾಂಗ್ರೆಸ್, ಎಣಿಸಲು ಆಗದಷ್ಟು. ಏನೂ ಬಿತ್ತದ ಪಟ್ಟಿಯಲ್ಲಿ ಎಲ್ಲಕ್ಕಿಂತ ಜಾಸ್ತಿ ಬಗೆ ಸಿಕ್ಕಿತು. ಬಿತ್ತನೆಗಿಂತ, ಅಗೆಯದೆ ಬಿಟ್ಟದ್ದೇ ಇಲ್ಲಿ ಹೆಚ್ಚು ಕೆಲಸ ಮಾಡಿದೆ.

7. ಕಾಂಗ್ರೆಸ್ ಕಿತ್ತದ್ದು

ಮಳೆ ಬಿದ್ದ ಎರಡನೇ ದಿನ, ನೆಲ ಮೆತ್ತಗಿರುವಾಗ, ಹೂ ಕಾಣುವ ಮೊದಲೇ ಬೇರು ಸಮೇತ ಕೀಳಬೇಕು. ಹೂ ಬಂದ ಗಿಡ ಕಿತ್ತು ಬಿಸಾಡಿದರೂ ಬೀಜ ಕಟ್ಟಬಹುದು. ಒಂದೊಂದು ಗಿಡ ಸಾವಿರಾರು ಬೀಜ ಉದುರಿಸುತ್ತದೆ. ಮೈ ಕಡಿತ, ಉಬ್ಬಸ ತರುವ ಗಿಡ ಇದು. ಗ್ಲೌಸ್, ತುಂಬುತೋಳಿನ ಅಂಗಿ, ಮೂಗಿಗೆ ಬಟ್ಟೆ ಇರಲೇಬೇಕು. ಮೂರು ಹೆಣ್ಣಾಳು ಎರಡು, ಮೂರನೇ ಪಟ್ಟಿ ಮುಗಿಸಿದರು. ಕಿತ್ತದ್ದನ್ನು ಗುಂಡಿಗೆ ಹಾಕಿ ಸಗಣಿ ನೀರು ಸುರಿದು ಮುಚ್ಚಿದೆವು. ಹೂ ಬರದ ಗಿಡ ಗೊಬ್ಬರ ಆಗುತ್ತದೆ.

ಉಪ್ಪು ನೀರು ಹೊಡೆಯಿರಿ ಅಂತ ಸಲಹೆ ಬಂತು. ಲೀಟರಿಗೆ 200 ಗ್ರಾಂ ಹಾಕಿದರೆ ಕಾಂಗ್ರೆಸ್ ಸುಡುತ್ತದೆ, ಹೌದು. ಅದರ ಪಕ್ಕದ ವಿಷ್ಣುಕ್ರಾಂತಿಯೂ ಸುಡುತ್ತದೆ. ಉಪ್ಪು ಮಣ್ಣಲ್ಲೇ ಉಳಿಯುತ್ತದೆ. ಅದು ಬೇಡ ಅಂತ ಬಿಟ್ಟೆ.

ಕಾಂಗ್ರೆಸ್ ತಿನ್ನುವ ಒಂದು ದುಂಬಿ ಇದೆ, ಮೈ ಕೆನೆಬಣ್ಣ, ಅದರ ಮೇಲೆ ಕಪ್ಪು ಗೆರೆ. ಮೆಕ್ಸಿಕೊದಿಂದ ತರಿಸಿ 1984ರಲ್ಲಿ ಬೆಂಗಳೂರಿನಲ್ಲಿ ಬಿಟ್ಟದ್ದು. ಮಳೆಗಾಲದಲ್ಲಿ ನಮ್ಮ ಹೊಲದ ಬದುವಿನಲ್ಲೂ ಕಂಡಿದ್ದೇನೆ. ಬಂದರೆ ಸಂತೋಷ, ಅದನ್ನೇ ನಂಬಿ ಕೂರಲು ಆಗುವುದಿಲ್ಲ.

8. ಖರ್ಚು

ಜೆಸಿಬಿ 2,600. ಜಾಲಿ ಕಿತ್ತ ಗಂಡಾಳು 4,800. ಕಲ್ಲಿನ ಸಾಲಿನ ಹೆಣ್ಣಾಳು 1,600. ಕಾಂಗ್ರೆಸ್ ಕಿತ್ತ ಹೆಣ್ಣಾಳು 1,200. ಗ್ಲೌಸ್ ಎರಡು ಜೊತೆ 360. ಹಾರೆ ಹದ ಮಾಡಿಸಿದ್ದು, ಪಿಕಾಸಿ ಹಿಡಿ 240. ಪಿವಿಸಿ ಪೈಪು, ಎಲ್ಬೋ 180. ಬಿದಿರು 150. ಸ್ಯಾಂಡ್‌ಪೇಪರ್ 20. ಒಟ್ಟು 11,150 ರೂಪಾಯಿ. ಬೊಡ್ಡೆ ಮಾರಿ ಬಂದ 3,500 ಕಳೆದರೆ ಕೈಯಿಂದ ಹೋದದ್ದು 7,650. ನಮ್ಮ ಮನೆಯವರ ದುಡಿಮೆ ಇದರಲ್ಲಿ ಸೇರಿಲ್ಲ.

9. ಒಂದನೇ ಪಟ್ಟಿ: ಕೆಲಸ ನಿಂತಿರುವ ಕಡೆ

ಕೃತ್ತಿಕಾ ಮಳೆ ಮೇ 16ರಂದು ಒಂದೇ ಗಂಟೆಯಲ್ಲಿ 41 ಮಿಮೀ ಸುರಿಯಿತು. ಉಳಿದ ಮೂರು ಪಟ್ಟಿಯಲ್ಲಿ ಕಲ್ಲಿನ ಸಾಲು ನೀರನ್ನು ತಡೆಯಿತು, ಮೇಲ್ಬದಿಗೆ ಒಂದಿಂಚು ಮೆಕ್ಕಲು ಕೂತಿತು. ಒಂದನೇ ಪಟ್ಟಿಯಲ್ಲಿ ಸಡಿಲ ಮಣ್ಣು ಸಾಲಿನ ಅಡಿಯಿಂದಲೇ ಕೊಚ್ಚಿತು. ನಡುವಿನ ಸಾಲಿನಲ್ಲಿ ನಾಲ್ಕಡಿ ಅಗಲ ಕಲ್ಲು ಜಾರಿದೆ. ಅಲ್ಲಿಂದ ಕೆಳಗೆ ಐದಿಂಚು ಆಳದ ಕೊರಕಲು ಬಿದ್ದು, ಮಣ್ಣು ಶೇಂಗಾ ಹೊಲಕ್ಕೆ ಇಳಿದಿದೆ. ಈ ಪಟ್ಟಿಗೆ ಜೆಸಿಬಿ ಬಿಡಬಾರದಿತ್ತು. ಎರಡು ಗಂಟೆಯಲ್ಲಿ ಆದ ಕೆಲಸವನ್ನು ಸರಿಮಾಡಲು ಎರಡು ಮೂರು ಮಳೆಗಾಲ ಬೇಕು.

ಈಗ ಮಾಡಿರುವುದು: ಕೊರಕಲಿನ ಬಾಯಿಗೆ ಜಾಲಿ ಕೊಂಬೆಗಳನ್ನು ಬುಡ ಮೇಲ್ಮುಖ ಮಾಡಿ ಅಡುಕಿ, ಮೇಲೆ ಕಲ್ಲು ಹೇರಿದ್ದೇವೆ. ಸಣ್ಣ ಮಳೆಗೆ ನಿಂತಿದೆ, ದೊಡ್ಡ ಮಳೆ ಇನ್ನೂ ಬಂದಿಲ್ಲ. ಕಾಂಗ್ರೆಸ್ ಕಿತ್ತು ತಗಚೆ ಬೀಜ ದಟ್ಟವಾಗಿ ಎರಚಿದ್ದೇನೆ. ತಗಚೆ ಬೇಗ ಹರಡಿ ಕಾಂಗ್ರೆಸ್ಸಿಗೆ ಜಾಗ ಕೊಡುವುದಿಲ್ಲ. ಅದರ ಸೊಪ್ಪು ಸಾರಿಗೂ ಆಗುತ್ತದೆ.

ಇನ್ನು ಹುಲ್ಲು. ಬೀಜದಿಂದ ಹುಲ್ಲು ಎಬ್ಬಿಸುವುದು ನಿಧಾನ. ನಾಲ್ಕನೇ ಪಟ್ಟಿಯ ದೊಡ್ಡ ಬುಡಗಳಿಂದ ಕಾಲು ಭಾಗ ಮಾತ್ರ ಸೀಳಿ ತೆಗೆದು, ಎಲೆಯನ್ನು ಆರಿಂಚಿಗೆ ಕತ್ತರಿಸಿ, ಒಂದನೇ ಪಟ್ಟಿಯಲ್ಲಿ ಒಂದೂವರೆ ಅಡಿಗೆ ಒಂದರಂತೆ ನೆಡಬೇಕು. ಮೊದಲ ಸಾಲನ್ನು ಕೃತ್ತಿಕಾ ಮಳೆಯ ಹಸಿಯಲ್ಲೇ ನೆಟ್ಟು ನೋಡಿದೆ. ಕಲ್ಲಿನ ಸಾಲಿಗೆ ಒತ್ತಿ ನೆಟ್ಟವು ಹಸಿರಾಗಿವೆ, ಬಯಲಲ್ಲಿ ನೆಟ್ಟವು ಅರ್ಧಕ್ಕರ್ಧ ಒಣಗಿವೆ. ಹಾಗಾಗಿ ಉಳಿದದ್ದನ್ನು ಬಯಲಿಗೆ ನೆಡುವ ಬದಲು, ಒಂದೊಂದು ಬುಡಕ್ಕೂ ಮೇಲ್ಬದಿಗೆ ಎರಡು ಕಲ್ಲು ಇಟ್ಟು ನೆಡುವುದು ಅಂತ ತೀರ್ಮಾನ. ಮೃಗಶಿರಾ ಹುಟ್ಟುವುದು ಜೂನ್ 8ರ ಸುಮಾರಿಗೆ. ಅಷ್ಟರೊಳಗೆ ಕಲ್ಲು ಹಂಚಿಟ್ಟುಕೊಂಡಿರಬೇಕು, ಮಳೆ ಬಿದ್ದ ದಿನವೇ ನೆಡಲು. ಮೊನ್ನೆಯಿಂದ ಕಲ್ಲು ಹೊರುವ ಕೆಲಸ ನಡೆಯುತ್ತಿದೆ, ಪಟ್ಟಿಯ ಮೇಲಿನ ಮೂರನೇ ಒಂದು ಭಾಗ ಮುಗಿದಿದೆ.